ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಅಕ್ಯುಪಂಕ್ಚರ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಆಪರೇಶನ್, ಕೀಮೋ, ರೇಡಿಯೇಶನ್, ಆಮೇಲೆ ದಿನಕ್ಕೊಂದು ಮಾತ್ರೆ, ಎಲ್ಲವನ್ನೂ ಪಕ್ಕದಲ್ಲೇ ಕೂತು ನೋಡಿದ್ದೇನೆ. ನಡುವೆ ಅಕ್ಯುಪಂಕ್ಚರ್‌ಗೂ, ಅಂದರೆ ಮೈಯ ಗೊತ್ತಾದ ಬಿಂದುಗಳಲ್ಲಿ ತೆಳು ಸೂಜಿ ಚುಚ್ಚುವ ಚಿಕಿತ್ಸೆಗೂ, ಕರೆದುಕೊಂಡು ಹೋಗಿದ್ದೆ. ಅಂದಿನಿಂದ ನೆಂಟರಿಷ್ಟರಲ್ಲಿ ಯಾರಿಗೆ ಕ್ಯಾನ್ಸರ್ ಬಂದರೂ ನನಗೊಂದು ಫೋನ್ ಬರುತ್ತದೆ. ಮದುವೆ ಮನೆ ಊಟದ ಸಾಲಿನಲ್ಲಿ, ಆಸ್ಪತ್ರೆ ಬೆಂಚಿನ ಮೇಲೆ ಕೂಡ ಅವೇ ಪ್ರಶ್ನೆಗಳು. ಅವನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಓದಿ ತಿಳಿದದ್ದು, ಡಾಕ್ಟರನ್ನು ಕೇಳಿ ತಿಳಿದದ್ದು, ಕಣ್ಣಾರೆ ಕಂಡದ್ದು ಇಲ್ಲಿದೆ.

## ಮೊದಲ ಸಲ ಕೇಳುವವರಿಗೆ

ಸೂಜಿ ಚುಚ್ಚಿಸಿಕೊಂಡರೆ ಕ್ಯಾನ್ಸರ್ ವಾಸಿ ಆಗುತ್ತಾ?

ಇಲ್ಲ. ಗಡ್ಡೆ ಕರಗಲ್ಲ, ಹರಡುವುದು ನಿಲ್ಲಲ್ಲ. ಯಾರಾದರೂ ಆಗುತ್ತೆ ಅಂದರೆ ಅವರ ಮಾತು ನಂಬಬೇಡಿ.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಇದೆ. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 281 ಜನ ರೋಗಿಗಳ ದಾಖಲೆ ತೆಗೆದು ನೋಡಿದರು. ಎಲ್ಲರೂ ವಾಸಿಯಾಗಬಲ್ಲ ಹಂತದಲ್ಲಿದ್ದವರು, ಆದರೆ ಆಸ್ಪತ್ರೆ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆ ಹಿಡಿದವರು. ಆಸ್ಪತ್ರೆ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಇವರಿಗೆ ಸಾವಿನ ಅಪಾಯ ಎರಡೂವರೆ ಪಟ್ಟು ಜಾಸ್ತಿ ಇತ್ತು. ಸ್ತನ ಕ್ಯಾನ್ಸರ್ ಇದ್ದವರಲ್ಲಿ ಐದು ಪಟ್ಟಿಗೂ ಜಾಸ್ತಿ.

ಹಾಗಾದರೆ ಯಾಕೆ ಹೋಗಬೇಕು? ಸುಮ್ನೆ ದುಡ್ಡು ದಂಡ ಅಲ್ವಾ?

ದಂಡ ಅಲ್ಲ, ಆದರೆ ಯಾವುದಕ್ಕೆ ಅಂತ ತಿಳಿದು ಹೋಗಬೇಕು. ಕ್ಯಾನ್ಸರ್ ಚಿಕಿತ್ಸೆ ರೋಗದ ಜೊತೆ ಮನುಷ್ಯನನ್ನೂ ಹಿಂಡಿಬಿಡುತ್ತದೆ. ಹೊಟ್ಟೆ ತೊಳಸುವುದು, ಕೀಲು ನೋವು, ಬಾಯಿ ಒಣಗುವುದು, ಏಳಲಾರದಷ್ಟು ಸುಸ್ತು. ಇವಕ್ಕೆ ಹೆದರಿ ಎಷ್ಟೋ ಜನ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುತ್ತಾರೆ. ಆ ಸಂಕಟಗಳಲ್ಲಿ ಕೆಲವನ್ನು ಅಕ್ಯುಪಂಕ್ಚರ್ ಸ್ವಲ್ಪ ಇಳಿಸುತ್ತದೆ. ಅದರಿಂದ ಒಬ್ಬರು ಮಾತ್ರೆ ಬಿಡದೆ ಮುಂದುವರಿಸಿದರೂ ನನಗೆ ಅದು ದೊಡ್ಡ ಲಾಭ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಇಂಥ ಪೂರಕ ಚಿಕಿತ್ಸೆಗಳಿಗೆ ಬೇರೆಯದೇ ವಿಭಾಗ ಇದೆ. 1999ರಲ್ಲಿ ಶುರುವಾಯಿತು. ಅಲ್ಲಿ ಅಕ್ಯುಪಂಕ್ಚರ್ ಅನ್ನು ಕೀಮೋ ಜೊತೆಗೇ ಕೊಡುತ್ತಾರೆ.

ತುಂಬಾ ನೋವಾಗುತ್ತಾ? ಕೀಮೋ ಸೂಜಿಯಿಂದಲೇ ಸಾಕಾಗಿಹೋಗಿದೆ.

ಅಮ್ಮನ ಮೊದಲ ಪ್ರಶ್ನೆಯೂ ಇದೇ. ರಕ್ತ ತೆಗೆಯಲು ನರ ಸಿಗದೆ ಮೂರು ಮೂರು ಕಡೆ ಚುಚ್ಚಿಸಿಕೊಂಡು ಅವಳ ಮೊಣಕೈ ಒಳಭಾಗ ಕಪ್ಪಾಗಿತ್ತು. ಮತ್ತೆ ಸೂಜಿ ಅಂದರೆ ಮುಖ ತಿರುಗಿಸಿದಳು. ಆದರೆ ಈ ಸೂಜಿ ಬೇರೆ ಥರ. ಒಳಗೆ ಟೊಳ್ಳು ಇರಲ್ಲ, ಔಷಧಿ ಹೋಗಲ್ಲ, ರಕ್ತ ತೆಗೆಯಲ್ಲ. ದಪ್ಪ ಕಾಲು ಮಿಲಿಮೀಟರ್ ಒಳಗೇ, ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೆ. ಒಂದು ಪುಟ್ಟ ಪ್ಲಾಸ್ಟಿಕ್ ಕೊಳವೆ ಚರ್ಮದ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ಮೊದಲನೇದು ಕಾಲಿನ ಕಡೆ ಹಾಕಿದರು. ಅಮ್ಮ ಕಣ್ಣು ಮುಚ್ಚಿಕೊಂಡೇ ಇದ್ದಳು. ಆಮೇಲೆ "ಹಾಕಿದ್ರಾ?" ಅಂತ ಕೇಳಿದಳು. ಅಷ್ಟರಲ್ಲಿ ನಾಲ್ಕು ಆಗಿತ್ತು.

ಕೆಲವು ಕಡೆ ಭಾರ ಇಟ್ಟ ಹಾಗೆ, ಜುಮ್ ಅಂದ ಹಾಗೆ ಆಗುತ್ತದೆ. ಅದು ಮಾಮೂಲಿ. ಚುರುಕ್ ಅಂತ ಉರಿ ಬಂದರೆ ತಕ್ಷಣ ಹೇಳಿ, ತೆಗೆಯುತ್ತಾರೆ. 20ರಿಂದ 30 ನಿಮಿಷ ಮಲಗಿರಬೇಕು. ಏನೂ ತಿನ್ನದೆ ಹೋಗಬೇಡಿ, ತಲೆ ಸುತ್ತಬಹುದು.

ಇದು ಚೀನಾದ್ದಲ್ವಾ? ನಮ್ಮಲ್ಲಿಗೆ ಹೇಗೆ ಬಂತು?

ಇದರ ಹಿಂದೆ ಒಂದು ಚಂದದ ಕಥೆ ಇದೆ. 1938ರಲ್ಲಿ ಜಪಾನ್ ದಾಳಿಗೆ ಸಿಕ್ಕಿದ ಚೀನಾಕ್ಕೆ ನಮ್ಮ ದೇಶದಿಂದ ಐದು ಜನ ಡಾಕ್ಟರುಗಳ ತಂಡ ಹೋಗಿತ್ತು. ಸೋಲಾಪುರದ ದ್ವಾರಕಾನಾಥ ಕೋಟ್ನಿಸ್ ಅದರಲ್ಲಿದ್ದರು, ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಕಲ್ಕತ್ತಾದ ಡಾ. ಬಿಜಯ್ ಕುಮಾರ್ ಬಸು ಸುಮಾರು 20 ವರ್ಷ ಆದ ಮೇಲೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಇಲ್ಲಿ ಶುರು ಮಾಡಿದರು. ಹಾಗಾಗಿ ನಮ್ಮಲ್ಲಿ ಇದನ್ನು ಮೊದಲು ತಂದದ್ದೇ ಎಂಬಿಬಿಎಸ್ ಓದಿದಂಥ ಡಾಕ್ಟರು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು ಒಂದು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಗುರುತಿಸಿತು.

ಇದು ಹೇಗೆ ಕೆಲಸ ಮಾಡುತ್ತೆ? ಬರೀ ನಂಬಿಕೆನಾ?

ಹಳೇ ಚೀನೀ ವಿವರಣೆಯಲ್ಲಿ 'ಚೀ' ಅನ್ನುವ ಶಕ್ತಿ ಮೈಯೊಳಗಿನ ದಾರಿಗಳಲ್ಲಿ ಹರಿಯುತ್ತದೆ, ಸೂಜಿ ಅದರ ಅಡ್ಡಿ ಬಿಡಿಸುತ್ತದೆ. ಆ ದಾರಿಗಳನ್ನು ಯಾರೂ ದೇಹ ಕೊಯ್ದು ತೋರಿಸಿಲ್ಲ. ಇವತ್ತಿನ ಸಂಶೋಧಕರು ಹೇಳುವುದು ಬೇರೆ. ಸೂಜಿ ನರಗಳನ್ನು ಕೆಣಕುತ್ತದೆ, ಸುದ್ದಿ ಬೆನ್ನುಹುರಿ ಮೂಲಕ ಮೆದುಳಿಗೆ ಹೋಗುತ್ತದೆ, ಮೆದುಳು ಎಂಡಾರ್ಫಿನ್ ಥರದ ನೋವು ತಗ್ಗಿಸುವ ವಸ್ತು ಬಿಡುತ್ತದೆ. ಮಾರ್ಫಿನ್ ಪರಿಣಾಮ ತಡೆಯುವ ನಲೊಕ್ಸೋನ್ ಔಷಧಿ ಕೊಟ್ಟಾಗ ಅಕ್ಯುಪಂಕ್ಚರ್‌ನ ನೋವು ತಗ್ಗಿಸುವ ಗುಣವೂ ಕಡಿಮೆಯಾದದ್ದು ಇದಕ್ಕೆ ಒಂದು ಸುಳಿವು.

ನಂಬಿಕೆಯ ಪಾಲೂ ಇದೆ, ಮುಚ್ಚಿಡುವುದು ಬೇಡ. ಎಷ್ಟೋ ಪರೀಕ್ಷೆಗಳಲ್ಲಿ ಒಂದು ಗುಂಪಿನವರಿಗೆ ಹುಸಿ ಅಕ್ಯುಪಂಕ್ಚರ್ ಮಾಡುತ್ತಾರೆ. ಅಂದರೆ ಸರಿಯಾದ ಬಿಂದು ಬಿಟ್ಟು ಬೇರೆ ಕಡೆ ಮೇಲುಮೇಲೆ ಚುಚ್ಚುವುದು, ಇಲ್ಲವೇ ಚುಚ್ಚಿದ ಹಾಗೆ ಮಾಡುವುದು. ಅವರಿಗೂ ಒಂದಿಷ್ಟು ಆರಾಮ ಸಿಗುತ್ತದೆ. ನಿಜವಾದದ್ದು ಹುಸಿಗಿಂತ ಎಷ್ಟು ಮೇಲೆ ಅನ್ನುವುದೇ ಎಲ್ಲ ಜಗಳದ ಮೂಲ. ಕೆಲವು ತೊಂದರೆಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ, ಕೆಲವದರಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಮುಂದೆ ಒಂದೊಂದನ್ನೂ ಬೇರೆ ಬೇರೆ ಬರೆದಿದ್ದೇನೆ.

## ಯಾವ ತೊಂದರೆಗೆ ಎಷ್ಟು ಉಪಯೋಗ

ಕೀಮೋ ಆದ ಎರಡು ದಿನ ವಾಂತಿಯೋ ವಾಂತಿ. ಇದಕ್ಕೆ ಆಗುತ್ತಾ?

ಆಗುತ್ತದೆ, ವಾಂತಿ ಮಾತ್ರೆಯ ಜೊತೆಗೆ. 1997ರಲ್ಲೇ ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಭೆ ಆಪರೇಶನ್ ನಂತರದ ವಾಂತಿಗೂ ಕೀಮೋ ವಾಂತಿಗೂ ಇದು ಉಪಯೋಗ ಅಂತ ಹೇಳಿತ್ತು. 2000ದಲ್ಲಿ ಬಂದ ಒಂದು ಪರೀಕ್ಷೆಯಲ್ಲಿ ತುಂಬಾ ಜೋರಾದ ಕೀಮೋ ತೆಗೆದುಕೊಳ್ಳುತ್ತಿದ್ದ 104 ಹೆಂಗಸರಿದ್ದರು. ಎಲ್ಲರಿಗೂ ವಾಂತಿ ಔಷಧಿ ಇತ್ತು. ಬರೀ ಔಷಧಿ ಪಡೆದವರಿಗೆ ಐದು ದಿನದಲ್ಲಿ ಸುಮಾರು 15 ಸಲ ವಾಂತಿ, ಹುಸಿ ಸೂಜಿಯವರಿಗೆ 10, ಸೂಜಿಗೆ ಸಣ್ಣ ಕರೆಂಟ್ ಕೊಟ್ಟು ಮಾಡಿದವರಿಗೆ 5.

ಆದರೆ ಅದು ಆ ಕಾಲದ ಲೆಕ್ಕ. ಈಗಿನ ವಾಂತಿ ಔಷಧಿಗಳು ಎಷ್ಟೋ ಚೆನ್ನಾಗಿವೆ. ಮೊದಲು ಡಾಕ್ಟರಿಗೆ "ಮಾತ್ರೆ ಸಾಲುತ್ತಿಲ್ಲ" ಅಂತ ಹೇಳಿ, ಬದಲಿಸಿ ಕೊಡುತ್ತಾರೆ. ಎಷ್ಟೋ ಜನ ಇದನ್ನೇ ಹೇಳದೆ ಸಹಿಸಿಕೊಂಡು ಕೂರುತ್ತಾರೆ. ನೀರು ಕೂಡ ನಿಲ್ಲದಿದ್ದರೆ ಸೂಜಿಯವರ ಹತ್ತಿರ ಅಲ್ಲ, ಆಸ್ಪತ್ರೆಗೇ ಹೋಗಿ.

ಲೆಟ್ರೊಜೋಲ್ ಶುರು ಮಾಡಿದ ಮೇಲೆ ಬೆಳಗ್ಗೆ ಎದ್ದರೆ ಬೆರಳು ಮಡಚೋಕೇ ಆಗಲ್ಲ. ಮಾತ್ರೆ ನಿಲ್ಲಿಸಲಾ?

ನಿಲ್ಲಿಸಬೇಡಿ. ಅಕ್ಯುಪಂಕ್ಚರ್‌ಗೆ ಅತಿ ಗಟ್ಟಿ ಪುರಾವೆ ಇರುವ ಜಾಗಗಳಲ್ಲಿ ಇದೂ ಒಂದು, ಅಮ್ಮನಿಗೆ ನಾನು ಮಾಡಿಸಿದ್ದೂ ಇದಕ್ಕೇ.

ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಥರದ ಮಾತ್ರೆಗಳು ಮುಟ್ಟು ನಿಂತ ಮೇಲೂ ಮೈಯಲ್ಲಿ ತಯಾರಾಗುವ ಈಸ್ಟ್ರೊಜೆನ್ ಅನ್ನುವ ಹಾರ್ಮೋನನ್ನು ತಗ್ಗಿಸುತ್ತವೆ. ಹಾರ್ಮೋನ್ ಮೇಲೆ ಬೆಳೆಯುವ ಕ್ಯಾನ್ಸರ್ ಮರಳಿ ಬರದಿರಲಿ ಅಂತ ಐದು ವರ್ಷ, ಕೆಲವರಿಗೆ ಅದಕ್ಕಿಂತಲೂ ಜಾಸ್ತಿ ಕೊಡುತ್ತಾರೆ. ಈಸ್ಟ್ರೊಜೆನ್ ಇಳಿದಂತೆ ಕೀಲು ಹಿಡಿಯುತ್ತವೆ. ಅಮ್ಮ ಬೆಳಗ್ಗೆ ಎದ್ದು ಕುಕ್ಕರ್ ಮುಚ್ಚಳ ತಿರುಗಿಸಲಾಗದೆ ಅಪ್ಪನನ್ನು ಕರೆಯುತ್ತಿದ್ದಳು. ಹೂ ಕಟ್ಟುವುದು ಅವಳಿಗೆ ಪ್ರಾಣ, ಮಲ್ಲಿಗೆ ಮೊಗ್ಗು ಎರಡು ಬೆರಳಲ್ಲಿ ಹಿಡಿದು ದಾರ ಸುತ್ತಲು ಆಗದೆ ಬುಟ್ಟಿ ಪಕ್ಕಕ್ಕೆ ಸರಿಸಿ ಸುಮ್ಮನೆ ಕೂತುಬಿಡುತ್ತಿದ್ದಳು. ಒಂದು ದಿನ ಮಾತ್ರೆ ಶೀಟ್ ಎಣಿಸಿ ನೋಡಿದರೆ ಹನ್ನೊಂದು ಮಾತ್ರೆ ಜಾಸ್ತಿ ಉಳಿದಿತ್ತು. ನಮಗೆ ಹೇಳದೆ ಬಿಟ್ಟಿದ್ದಳು.

2018ರಲ್ಲಿ ಅಮೆರಿಕದ 11 ಕೇಂದ್ರಗಳಲ್ಲಿ ಇಂಥದ್ದೇ ನೋವಿದ್ದ 226 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಮೊದಲ 6 ವಾರ ವಾರಕ್ಕೆ ಎರಡು ಸಲ, ಮುಂದಿನ 6 ವಾರ ವಾರಕ್ಕೆ ಒಂದು ಸಲ. 10 ಅಂಕದ ನೋವಿನ ಅಳತೆಯಲ್ಲಿ 6 ವಾರದ ಹೊತ್ತಿಗೆ ನಿಜವಾದ ಅಕ್ಯುಪಂಕ್ಚರ್ ಪಡೆದವರಿಗೆ ಎರಡು ಅಂಕ ಇಳಿಯಿತು. ಹುಸಿಯವರಿಗೂ ಏನೂ ಮಾಡಿಸದವರಿಗೂ ಸುಮಾರು ಒಂದು ಅಂಕ. ಎರಡು ಅಂಕ ಅಂದರೆ ಕಾಗದದ ಮೇಲೆ ಚಿಕ್ಕದು, ಅಡುಗೆಮನೆಯಲ್ಲಿ ಚಿಕ್ಕದಲ್ಲ. 2022ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಆಸ್ಕೋ ಇನ್ನೊಂದು ಸಂಘದ ಜೊತೆ ಸೇರಿ ಹೊರಡಿಸಿದ ನೋವಿನ ಮಾರ್ಗಸೂಚಿಯಲ್ಲೂ ಈ ಕೀಲು ನೋವಿಗೆ ಅಕ್ಯುಪಂಕ್ಚರ್ ಸೂಚಿಸಿ ಅಂತ ಬರೆದಿದೆ.

ಅಮ್ಮನಿಗೆ ಮೊದಲ ಮೂರು ಸಲ ಏನೂ ಗೊತ್ತಾಗಲಿಲ್ಲ. ನಾಲ್ಕನೇ ವಾರ ಮುಚ್ಚಳ ತಾನೇ ತೆಗೆದಳು. ನೋವು ಪೂರ್ತಿ ಹೋಗಲಿಲ್ಲ, ಆದರೆ ಮಾತ್ರೆ ಬಿಡಲಿಲ್ಲ. ಜೊತೆಗೆ ದಿನಾ ನಡೆಯುವುದು, ಕೈ ವ್ಯಾಯಾಮ, ಬೆಳಗ್ಗೆ ಬಿಸಿನೀರಲ್ಲಿ ಕೈ ಅದ್ದುವುದೂ ಇತ್ತು. ಯಾವುದರಿಂದ ಎಷ್ಟು ಇಳಿಯಿತು ಅಂತ ನಾನು ಬಿಡಿಸಿ ಹೇಳಲಾರೆ. ಸೂಜಿಯಿಂದಲೂ ಆಗದಿದ್ದರೆ ಡಾಕ್ಟರು ಮಾತ್ರೆಯನ್ನೇ ಬದಲಿಸಿ ನೋಡುತ್ತಾರೆ. ಕೇಳಿ.

ಅಪ್ಪನಿಗೆ ಗಂಟಲು ಕ್ಯಾನ್ಸರ್, ರೇಡಿಯೇಶನ್ ಆದ ಮೇಲೆ ಬಾಯಿ ಒಣಗಿ ಮುದ್ದೆಯೂ ಇಳಿಯಲ್ಲ ಅಂತಾರೆ.

ತಂಬಾಕು, ಎಲೆಅಡಿಕೆಯ ದೆಸೆಯಿಂದ ಬಾಯಿ, ಗಂಟಲು ಕ್ಯಾನ್ಸರ್ ನಮ್ಮ ಕಡೆ ಎಷ್ಟಿದೆ ಅಂತ ಯಾವ ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಗಂಟೆ ಕೂತರೂ ಗೊತ್ತಾಗುತ್ತದೆ. ರೇಡಿಯೇಶನ್‌ಗೆ ಜೊಲ್ಲಿನ ಗ್ರಂಥಿಗಳೂ ಸುಡುತ್ತವೆ. ಅದಕ್ಕೇ ಬಾಯಿ ಒಣಗುವುದು.

ಶಾಂಘೈ ಮತ್ತು ಹ್ಯೂಸ್ಟನ್‌ನ ಎರಡು ಆಸ್ಪತ್ರೆಗಳಲ್ಲಿ 399 ಜನಕ್ಕೆ ರೇಡಿಯೇಶನ್ ನಡೆಯುವಾಗಲೇ ಅಕ್ಯುಪಂಕ್ಚರ್ ಮಾಡಿ ನೋಡಿದರು. 2019ರಲ್ಲಿ ವರದಿ ಬಂತು. ವರ್ಷದ ಕೊನೆಗೆ ನಿಜವಾದದ್ದು ಪಡೆದವರಿಗೆ ಏನೂ ಪಡೆಯದವರಿಗಿಂತ ಬಾಯಿ ಒಣಗುವುದು ಕಡಿಮೆ ಇತ್ತು. ಒಂದು ಸೋಜಿಗ ಅಂದರೆ ಹುಸಿ ಸೂಜಿಯೂ ಹ್ಯೂಸ್ಟನ್‌ನವರಿಗೆ ಚೆನ್ನಾಗಿ ಕೆಲಸ ಮಾಡಿತು, ಶಾಂಘೈನವರಿಗೆ ಮಾಡಲಿಲ್ಲ. ಹಾಗಾಗಿ ಇದು ಪ್ರಯತ್ನಿಸಬಹುದಾದದ್ದು, ಗ್ಯಾರಂಟಿ ಅಲ್ಲ. ಊಟ ಮಾತ್ರ ಈಗಿನಿಂದಲೇ ಬದಲಿಸಿ. ಮುದ್ದೆಗೆ ಸಾರು ಜಾಸ್ತಿ, ಖಾರ ಕಡಿಮೆ, ಗಂಜಿ, ಮಜ್ಜಿಗೆ, ಪಕ್ಕದಲ್ಲಿ ಸದಾ ನೀರಿನ ಬಾಟಲಿ. ಬಾಯಿ ಒಣಗಿದರೆ ಹಲ್ಲು ಬೇಗ ಹುಳುಕಾಗುತ್ತವೆ, ಹಲ್ಲಿನ ಡಾಕ್ಟರಿಗೂ ತೋರಿಸಿ.

ಪಾದ ಜೋಮು ಹಿಡಿದಿದೆ, ಹತ್ತಿ ಮೇಲೆ ನಡೆದ ಹಾಗೆ. ಸೂಜಿಯಿಂದ ಹೋಗುತ್ತಾ?

ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್ ಥರದ ಕೀಮೋ ಔಷಧಿಗಳು ನರದ ತುದಿಗೆ ಏಟು ಕೊಡುತ್ತವೆ. ಅಕ್ಯುಪಂಕ್ಚರ್‌ನಿಂದ ಕಡಿಮೆಯಾಯಿತು ಅನ್ನುವ ಸಣ್ಣ ಪರೀಕ್ಷೆಗಳಿವೆ, ಆದರೆ 2020ರ ಆಸ್ಕೋ ಮಾರ್ಗಸೂಚಿ ಅವು ಸಾಲವು ಅಂದಿದೆ. ನೋವಿದ್ದರೆ ಅದು ಸೂಚಿಸುವುದು ಡುಲೋಕ್ಸೆಟಿನ್ ಮಾತ್ರೆಯನ್ನು, ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಕೀಮೋ ಇನ್ನೂ ನಡೆಯುತ್ತಿದ್ದರೆ ಜೋಮಿನ ವಿಷಯ ಇವತ್ತೇ ಡಾಕ್ಟರಿಗೆ ಹೇಳಿ, ಡೋಸ್ ಇಳಿಸಬೇಕಾಗಬಹುದು. ಬರಿಗಾಲಲ್ಲಿ ಓಡಾಡಬೇಡಿ. ಸ್ನಾನದ ನೀರಿನ ಬಿಸಿಯನ್ನು ಮನೆಯಲ್ಲಿ ಬೇರೆಯವರು ಮುಟ್ಟಿ ನೋಡಲಿ.

ಸುಸ್ತು, ನಿದ್ದೆ ಇಲ್ಲ, ಮೈಯೆಲ್ಲ ಬಿಸಿ ಬಿಸಿ. ಎಲ್ಲದಕ್ಕೂ ಒಂದೇ ಸಲ ಮಾಡಿಸಬಹುದಾ?

ಮಾಡಿಸಬಹುದು, ಒಂದೇ ಸಲಕ್ಕೆ ಬೇರೆ ಬೇರೆ ಬಿಂದು ಹಾಕುತ್ತಾರೆ. ಸುಸ್ತಿಗೆ ಬ್ರಿಟನ್ನಿನಲ್ಲಿ 302 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಒಳ್ಳೆ ಫಲ ಕಂಡಿತು, ಆದರೆ ಅಲ್ಲಿ ಹುಸಿ ಸೂಜಿಯ ಹೋಲಿಕೆ ಇರಲಿಲ್ಲ. ಸುಸ್ತಿಗೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ಬಿಸಿ ಝಳಕ್ಕೆ ಸುಮಾರಾಗಿ ಆಗುತ್ತದೆ. ನಿದ್ದೆಗೂ ಆಗುತ್ತದೆ, ಆದರೆ 160 ಜನರ ಮೇಲೆ ಎರಡನ್ನೂ ಹೋಲಿಸಿದಾಗ ನಿದ್ದೆಯ ಅಭ್ಯಾಸ ತಿದ್ದುವ ಆಪ್ತಸಮಾಲೋಚನೆಯೇ ಸೂಜಿಗಿಂತ ಮೇಲಾಯಿತು.

## ಎಚ್ಚರ ಬೇಕಾದ ಕಡೆ

ಪ್ಲೇಟ್‌ಲೆಟ್ ಕಡಿಮೆ ಇದೆ ಅಂದಿದ್ದಾರೆ. ಈ ವಾರ ಹೋಗಬಹುದಾ?

ಬೇಡ. ಕೀಮೋ ಆದ ಏಳರಿಂದ ಹದಿನಾಲ್ಕು ದಿನದ ಒಳಗೆ ರಕ್ತಕಣಗಳು ತೀರಾ ಇಳಿಯುತ್ತವೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ರಕ್ತ ಸೋರಿ ಕಪ್ಪಾಗುತ್ತದೆ, ಬಿಳಿ ರಕ್ತಕಣ ಕಡಿಮೆ ಇದ್ದರೆ ಸೋಂಕು. ಸಾಮಾನ್ಯವಾಗಿ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗೆ, ಬಿಳಿ ರಕ್ತಕಣದಲ್ಲೇ ಒಂದು ಬಗೆಯಾದ ನ್ಯೂಟ್ರೋಫಿಲ್ 1,000ಕ್ಕಿಂತ ಕೆಳಗೆ ಇದ್ದರೆ ಹುಷಾರಾದವರು ಸೂಜಿ ಹಾಕುವುದಿಲ್ಲ. ಗೆರೆ ಎಲ್ಲಿ ಅನ್ನುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ, ನಿಮ್ಮ ಕ್ಯಾನ್ಸರ್ ಡಾಕ್ಟರ್ ಹೇಳಿದ್ದೇ ಸರಿ. ಪ್ರತಿ ಸಲ ಹೊಸ ರಕ್ತದ ರಿಪೋರ್ಟ್ ತೆಗೆದುಕೊಂಡು ಹೋಗಿ. ರಿಪೋರ್ಟ್ ಕೇಳದೆಯೇ ಸೂಜಿ ಬಿಚ್ಚುವವರ ಹತ್ತಿರ ಕೂರಬೇಡಿ. ಜ್ವರ ಇದ್ದರೆ ನೇರ ಆಸ್ಪತ್ರೆಗೆ.

ಆಪರೇಶನ್ ಆದ ಕಡೆಯ ಕೈ ಊದಿದೆ. ಆ ಕೈಗೆ ಚುಚ್ಚಿಸಲಾ?

ಆ ಕೈಗೆ ಬೇಡ. ಕಂಕುಳಿನ ಗ್ರಂಥಿ ತೆಗೆದ ಕೈಯಲ್ಲಿ ಸೋಂಕು ಬೇಗ ಹತ್ತುತ್ತದೆ. ಊತಕ್ಕೇ ಅಂತ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ 82 ಹೆಂಗಸರ ಮೇಲೆ ಮಾಡಿ ನೋಡಿದರು, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಊತಕ್ಕೆ ಫಿಸಿಯೋಥೆರಪಿ, ಬಿಗಿ ತೋಳುಚೀಲ, ಬ್ಯಾಂಡೇಜ್. ಅಮ್ಮನಿಗೆ ಬಲಗೈ ಬಿಟ್ಟು ಎಡಗೈಗೂ ಕಾಲಿಗೂ ಹಾಕುತ್ತಿದ್ದರು. ಅದು ಮರೆಯದಿರಲಿ ಅಂತ ಅವಳು ಬಲಗೈಗೆ ಒಂದು ಹಸಿರು ದಾರ ಕಟ್ಟಿಕೊಂಡು ಹೋಗುತ್ತಿದ್ದಳು.

ಪೋರ್ಟ್ ಹಾಕಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆಯೂ ಇದೆ. ತೊಂದರೆ ಇದೆಯಾ?

ಎರಡನ್ನೂ ಮೊದಲೇ ಹೇಳಿ. ಪೋರ್ಟ್ ಅಂದರೆ ಕೀಮೋ ಕೊಡಲು ಚರ್ಮದ ಕೆಳಗೆ ಕೂರಿಸುವ ಪುಟ್ಟ ಸಾಧನ. ಪೋರ್ಟ್ ಸುತ್ತ, ಗಡ್ಡೆ ಇರುವ ಕಡೆ, ರೇಡಿಯೇಶನ್‌ಗೆ ಚರ್ಮ ಬೆಂದ ಕಡೆ ಸೂಜಿ ಹಾಕಬಾರದು. ಪೇಸ್‌ಮೇಕರ್ ಇದ್ದರೆ ಕರೆಂಟ್ ಕೊಡುವ ವಿಧಾನ ಬೇಡ. ಎದೆ, ಬೆನ್ನಿನ ಮೇಲ್ಭಾಗಕ್ಕೆ ಆಳವಾಗಿ ಹಾಕಿ ಶ್ವಾಸಕೋಶಕ್ಕೆ ತಾಗಿದ ಪ್ರಕರಣಗಳಿವೆ. ಅಪರೂಪ, ಆದರೂ ಚಿಕಿತ್ಸೆ ಆದ ಮೇಲೆ ಉಸಿರು ಹಿಡಿದರೆ ತಡ ಮಾಡಬೇಡಿ. ಕೆಲವರು ಮಾಚಿಪತ್ರೆ ಜಾತಿಯ ಒಣ ಎಲೆ ಸುಟ್ಟು ಶಾಖ ಕೊಡುತ್ತಾರೆ. ಸ್ಪರ್ಶ ಸರಿಯಾಗಿ ಗೊತ್ತಾಗದ ಕಾಲಿಗೆ ಅದು ಬೊಬ್ಬೆ ಎಬ್ಬಿಸುತ್ತದೆ. ಬೇಡ ಅನ್ನಿ.

ಡಾಕ್ಟರಿಗೆ ಹೇಳಿದರೆ ಬೈತಾರೆ. ಹೇಳಲೇಬೇಕಾ?

ಹೇಳಲೇಬೇಕು. ನಾನೂ ಹೆದರಿದ್ದೆ. "ಅಕ್ಯುಪಂಕ್ಚರ್ ಮಾಡಿಸಲಾ" ಅಂತ ಕೇಳುವ ಬದಲು "ಕೀಲು ನೋವಿಗೆ ಮಾಡಿಸಬೇಕು ಅಂತಿದ್ದೇವೆ, ಈ ರಿಪೋರ್ಟ್ ನೋಡಿ ಯಾವ ವಾರ ಹೋಗಬಹುದು ಹೇಳಿ" ಅಂತ ಕೇಳಿದೆ. ಅವರು ರಿಪೋರ್ಟ್ ನೋಡಿದರು, "ಯಾರಾದರೂ ಕಷಾಯ, ಪುಡಿ ಕೊಟ್ಟರೆ ಮಾತ್ರ ನನ್ನನ್ನು ಕೇಳದೆ ಕುಡಿಸಬೇಡಿ" ಅಂದರು. ಅಷ್ಟೇ. ಆ ಮಾತು ನೆನಪಿಡಿ, ಕೆಲವು ಸೊಪ್ಪು, ಬೇರು ಕೀಮೋ ಔಷಧಿಯ ಲೆಕ್ಕವನ್ನೇ ತಪ್ಪಿಸುತ್ತವೆ.

## ಯಾರ ಹತ್ತಿರ, ಎಷ್ಟು ದಿನ

ಯಾರನ್ನು ನಂಬಿ ಹೋಗೋದು? ಬೋರ್ಡ್ ಎಲ್ಲರೂ ಹಾಕಿಕೊಂಡಿದ್ದಾರೆ.

ನಿಜ. ಮಹಾರಾಷ್ಟ್ರದಲ್ಲಿ 2015ರ ಕಾಯ್ದೆ ಪ್ರಕಾರ ಇದಕ್ಕೇ ಒಂದು ಮಂಡಳಿ ಇದೆ. ನಮ್ಮಲ್ಲಿ ನಾನು ಮೊದಲು ನೋಡುವುದು ಓದನ್ನು. ಅಕ್ಯುಪಂಕ್ಚರ್ ಕಲಿತ ಎಂಬಿಬಿಎಸ್ ಡಾಕ್ಟರ್ ಸಿಕ್ಕರೆ ಒಳ್ಳೇದು. ಇಲ್ಲದಿದ್ದರೆ ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಐದೂವರೆ ವರ್ಷದ ಪದವಿ ಓದಿದವರು. ಅವರ ಪಠ್ಯದಲ್ಲಿ ಅಕ್ಯುಪಂಕ್ಚರ್ ಇರುತ್ತದೆ. ಉಜಿರೆಯ ಕಾಲೇಜಿನಲ್ಲಿ 1989ರಿಂದ ಈ ಪದವಿ ಇದೆ, ಹಾಗಾಗಿ ನಮ್ಮ ರಾಜ್ಯದಲ್ಲಿ ಇವರು ಸಿಗುವುದು ಕಷ್ಟ ಅಲ್ಲ. ಒಂದು ವಿಷಯ ಮಾತ್ರ ಹೇಳಿಬಿಡಿ: ಕೀಮೋ ನಡೆಯುವಾಗ ಉಪವಾಸ, ಬರೀ ಜ್ಯೂಸ್ ಪಥ್ಯ ಬೇಡ, ತೂಕ ಇಳಿಯಬಾರದು.

ಕ್ಯಾನ್ಸರ್ ರೋಗಿಗಳಿಗೆ ಮೊದಲು ಮಾಡಿದ್ದೀರಾ ಅಂತ ಕೇಳಿ. ಸೂಜಿಯ ಪ್ಯಾಕೆಟ್ ನಿಮ್ಮ ಮುಂದೆಯೇ ಒಡೆಯಬೇಕು, ಬಳಸಿದ್ದು ಡಬ್ಬಕ್ಕೆ ಹೋಗಬೇಕು. ತೆಗೆಯುವಾಗ ಎಣಿಸಿ. ಒಂದು ಸಲ ಅಮ್ಮನ ಪಾದದ ಹಿಂದೆ ಒಂದು ಉಳಿದೇಬಿಟ್ಟಿತ್ತು, ಚಪ್ಪಲಿ ಹಾಕುವಾಗ ಸಿಕ್ಕಿತು.

ಒಬ್ಬರು "ಕೀಮೋ ನಿಲ್ಲಿಸಿ, ನಾನು ನೋಡಿಕೊಳ್ತೀನಿ" ಅಂದರು. ಏನು ಮಾಡಲಿ?

ಎದ್ದು ಬನ್ನಿ. ನಮಗೂ ಇದು ಆಗಿದೆ. ಕೀಮೋ ನಡೆಯುವಾಗ ನಾವು ಮೊದಲು ಹೋದ ಕಡೆ ನಾಡಿ ಹಿಡಿದು ನೋಡಿ "ಈ ವಿಷ ಯಾಕೆ ಹಾಕಿಸುತ್ತೀರಿ, 40 ಸಲ ಬನ್ನಿ, ಬುಡಸಮೇತ ತೆಗೆಯುತ್ತೇನೆ" ಅಂದರು. ಪೂರ್ತಿ ಹಣ ಮುಂಗಡ. ಅವತ್ತು ಅಮ್ಮನ ಕಣ್ಣಲ್ಲಿ ಆಸೆ ಮೂಡಿದ್ದನ್ನು ನೋಡಿದೆ, ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಎರಡನೇ ಕೀಮೋಗೆ ನಾಲ್ಕು ದಿನ ಇತ್ತು. ಮನೆಗೆ ಬಂದು ಎರಡು ರಾತ್ರಿ ಮಾತಾಡಿದ ಮೇಲೆ ಕೀಮೋ ಮುಂದುವರಿಸಲು ಒಪ್ಪಿದಳು.

ಎಷ್ಟು ಸಲ ಹೋಗಬೇಕು? ಆಗುತ್ತಿಲ್ಲ ಅಂತ ಯಾವಾಗ ಬಿಡೋದು?

ವಾರಕ್ಕೆ ಒಂದೋ ಎರಡೋ ಸಲ, ಆರರಿಂದ ಎಂಟು ವಾರ ಸಾಕು ಒಂದು ತೀರ್ಮಾನಕ್ಕೆ ಬರಲು. ಶುರು ಮಾಡುವ ದಿನ ನೋವು ಹತ್ತಕ್ಕೆ ಎಷ್ಟು ಅಂತ ಕ್ಯಾಲೆಂಡರ್ ಮೇಲೆ ಬರೆದಿಡಿ, ವಾರಾ ವಾರಾ ಬರೆಯಿರಿ. ಆರು ವಾರ ಕಳೆದರೂ ಅಂಕಿ ಅಲ್ಲಾಡದಿದ್ದರೆ ಬಿಟ್ಟುಬಿಡಿ. ಮುಂಗಡ ಪ್ಯಾಕೇಜ್ ಬೇಡ, ಆಯಾ ದಿನದ್ದು ಆಯಾ ದಿನ ಕೊಡಿ.

ನಮ್ಮೂರಲ್ಲಿ ಇದನ್ನು ಮಾಡುವವರೇ ಇಲ್ಲ. ಮನೆಯಲ್ಲೇ ಏನಾದರೂ ಮಾಡಬಹುದಾ?

ಸೂಜಿ ಬೇಡವೇ ಬೇಡ. ಹೊಟ್ಟೆ ತೊಳಸುವಾಗ ಒತ್ತಿ ನೋಡಬಹುದು. ಅಂಗೈ ಮೇಲ್ಮುಖವಾಗಿ ಇಡಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ರೋಗಿಯದೇ ಮೂರು ಬೆರಳು ಅಡ್ಡ ಇಡಿ. ಮೂರನೇ ಬೆರಳು ಮುಗಿಯುವ ಕಡೆ ನಡುವೆ ಎರಡು ಸ್ನಾಯುರಜ್ಜು ಹಗ್ಗದ ಹಾಗೆ ಸಿಗುತ್ತವೆ, ಅವೆರಡರ ಮಧ್ಯದ ತಗ್ಗು. ಇದರ ಹೆಸರು ಪಿಸಿ 6. ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಗಟ್ಟಿಯಾಗಿ, ನೋವಾಗದ ಹಾಗೆ ಒತ್ತಿ. ದಿನಕ್ಕೆ ನಾಲ್ಕೈದು ಸಲ. ಊದಿದ ಕೈ, ಡ್ರಿಪ್ ಹಾಕಿದ ಕೈ ಬಿಡಿ. ವಾಂತಿ ಮಾತ್ರೆ ತಪ್ಪಿಸಬೇಡಿ.

ಕ್ಯಾನ್ಸರ್ ಹರಡಿದೆ, ಇನ್ನು ಕೀಮೋ ಬೇಡ ಅಂದಿದ್ದಾರೆ. ಈಗ ಮಾಡಿಸಿದರೆ ಏನಾದರೂ ಉಪಯೋಗ ಇದೆಯಾ?

ಈ ಪ್ರಶ್ನೆಗೆ ಉತ್ತರಿಸುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ಆಯಸ್ಸು ಜಾಸ್ತಿ ಆಗಲ್ಲ. ಆದರೆ ನೋವು, ತೊಳಸಿಕೆ, ತಳಮಳ ಸ್ವಲ್ಪ ಇಳಿಯಬಹುದು, ಅರ್ಧ ಗಂಟೆ ಯಾರೋ ಪಕ್ಕದಲ್ಲಿದ್ದು ನಿಧಾನವಾಗಿ ಮುಟ್ಟಿ ನೋಡಿಕೊಳ್ಳುವುದರಿಂದಲೂ ಕೆಲವರು ಹಗುರಾಗುತ್ತಾರೆ. ರೋಗಿಗೆ ಇಷ್ಟ ಇದ್ದರೆ ಮಾಡಿಸಿ. ಮನೆಯವರ ಸಮಾಧಾನಕ್ಕೆ ಆಟೋ ಹತ್ತಿಸಿ ಅಲೆದಾಡಿಸಬೇಡಿ. ಬೆನ್ನುಮೂಳೆಗೆ ಹರಡಿದ್ದರೆ ಆ ಜಾಗಕ್ಕೆ ಸೂಜಿ ಬೇಡ. ಬೆನ್ನು ನೋವಿನ ಜೊತೆ ಕಾಲಲ್ಲಿ ಶಕ್ತಿ ಹೋದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಜೋರಾದ ನೋವಿಗೆ ಮಾರ್ಫಿನ್ ಮಾತ್ರೆ ಬೇಕು. ಚಟ ಹತ್ತುತ್ತೆ ಅಂತ ಹೆದರಿ ನಿಲ್ಲಿಸಬೇಡಿ, ಅದರ ಬದಲಿಗೆ ಸೂಜಿ ಅಂತೂ ಬೇಡವೇ ಬೇಡ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಬೇರೆ ಊರಿನವರು ತಮ್ಮ ಕ್ಯಾನ್ಸರ್ ಆಸ್ಪತ್ರೆಯಲ್ಲೇ ನೋವು ಶಮನದ ವಿಭಾಗ ಎಲ್ಲಿದೆ ಅಂತ ಕೇಳಿ. ಹೋಗುವಾಗ ಹಳೇ ರಿಪೋರ್ಟ್‌ಗಳ ಜೊತೆ ನೋವು ಯಾವ ಹೊತ್ತಿಗೆ ಜಾಸ್ತಿ ಆಗುತ್ತದೆ ಅಂತ ಬರೆದ ಒಂದು ಚೀಟಿ ಇಟ್ಟುಕೊಳ್ಳಿ, ಅವರು ಮೊದಲು ಕೇಳುವುದು ಅದನ್ನೇ.